ನಸೀಬದ ಪಾಲು ಎಷ್ಟು, ನಮ್ಮ ಪಾಲು ಎಷ್ಟು: ಧಾರವಾಡದಲ್ಲಿ ನಿಂತು ದಾರಿ ಆರಿಸುವವರಿಗೆ

ಪರೀಕ್ಷೆಗೆ ಓದುವವರು ತುಂಬಿರುವ ಧಾರವಾಡದ ಸಪ್ತಾಪುರದಲ್ಲಿ ಯಾವ ಖಾನಾವಳಿಗೆ ಹೋದರೂ ರೊಟ್ಟಿ ತಾಟಿನ ಮುಂದೆ ಎರಡು ಮಾತು ಕಿವಿಗೆ ಬೀಳುತ್ತವೆ. ‘ಈ ಸಲ ನಸೀಬ ಕೈ ಕೊಡ್ತು’ ಎನ್ನುವುದು ಒಂದು. ‘ಮುಂದಿನ ನೋಟಿಫಿಕೇಶನ್ ಬರ್ಲಿ, ಬಿಡೂದಿಲ್ಲ’ ಎನ್ನುವುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಸೋತದ್ದರಲ್ಲಿ ನಸೀಬದ ಪಾಲು ಎಷ್ಟು, ತಯಾರಿಯ ಪಾಲು ಎಷ್ಟು ಎಂದು ಅಳೆಯದೆ ಈ ಎರಡು ಮಾತನ್ನೇ ಆಡುತ್ತ ಕೂತರೆ ನಾಲ್ಕು ವರ್ಷ ಹೋದದ್ದೇ ಗೊತ್ತಾಗುವುದಿಲ್ಲ.

ದಾರಿಗಳನ್ನು ಸಾಮಾನ್ಯವಾಗಿ ಪಗಾರ ಮತ್ತು ಮರ್ಯಾದೆ ಎಂಬ ಎರಡು ತಕ್ಕಡಿಯಲ್ಲಿ ತೂಗುತ್ತಾರೆ. ಇಲ್ಲಿ ಬೇರೆ ಮೂರು ಪ್ರಶ್ನೆ ಇಟ್ಟುಕೊಂಡಿದ್ದೇವೆ. ಈ ದಾರಿಯಲ್ಲಿ ಒಂದೇ ದಿನದ ಮೇಲೆ ಎಷ್ಟು ನಿಂತಿದೆ? ಎಷ್ಟು ಸಲ ಪ್ರಯತ್ನಿಸಬಹುದು? ಆಗದೇ ಹೋದರೆ ಕೈಯಲ್ಲಿ ಏನು ಉಳಿಯುತ್ತದೆ? ಮೂರನೆಯದನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಅಪಶಕುನ ಅನ್ನಿಸುತ್ತದೆ. ತೂಕ ಹೆಚ್ಚು ಅದಕ್ಕೇ.

ಸರಕಾರಿ ನೌಕರಿಯ ಪರೀಕ್ಷೆ

ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಪಿಯುಸಿ ಸಾಕು. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕೆಎಎಸ್‌ಗೆ (ರಾಜ್ಯ ಆಡಳಿತ ಸೇವೆ) ಪದವಿ ಬೇಕು. ಹೊರಗಿನಿಂದ ಎಲ್ಲವೂ ಒಂದೇ ದಾರಿಯಂತೆ ಕಂಡರೂ ನಸೀಬದ ಪಾಲು ಒಂದೊಂದರಲ್ಲಿ ಒಂದೊಂದು ಥರ. ಪಿಎಸ್‌ಐಯ ದೈಹಿಕ ಪರೀಕ್ಷೆಯನ್ನೇ ನೋಡಿ: ಪುರುಷರಿಗೆ 1600 ಮೀಟರ್ 7 ನಿಮಿಷದೊಳಗೆ, ಮಹಿಳೆಯರಿಗೆ 400 ಮೀಟರ್ 2 ನಿಮಿಷದೊಳಗೆ. ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ದಿನಾ ಬೆಳಗ್ಗೆ ಗಡಿಯಾರ ಹಿಡಿದು ಓಡುವವರಿಗೆ ತಮ್ಮ ಫಲಿತಾಂಶ ತಿಂಗಳು ಮೊದಲೇ ಗೊತ್ತಿರುತ್ತದೆ. ಅಲ್ಲಿ ಹಣೆಬರಹಕ್ಕೆ ಜಾಗ ಕಡಿಮೆ. ಆಮೇಲೆ ಬರುವ ಲಿಖಿತ ಪರೀಕ್ಷೆಯಲ್ಲಿ ಕಾಲಂಕ ಅರ್ಧ ಅಂಕದಲ್ಲಿ ಆಚೆ ಈಚೆ ಆಗುವುದುಂಟು. ಹಾಗಾಗಿ ಅಲ್ಲಿ ಅಳತೆ ಬೇರೆ ಬೇಕು.

ಅಳೆಯುವುದು ಹೀಗೆ. ನಿಮ್ಮ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ 10 ಕೂಡಿಸಿ. ನಿಗದಿತ ಸಮಯ, ಉತ್ತರಕ್ಕೆ ಗುಂಡಿ ತುಂಬುವ ಒಎಂಆರ್ ಹಾಳೆ, ಪಕ್ಕದಲ್ಲಿ ಫೋನ್ ಇಲ್ಲ, ಋಣಾತ್ಮಕ ಅಂಕವೂ ಲೆಕ್ಕಕ್ಕೆ. ಮೊದಲ 5 ಕೈ ಪಳಗಿಸಲಿಕ್ಕೆ. ಕೊನೆಯ 5ರ ಅಂಕ ಮಾತ್ರ ಬರೆದಿಡಿ. ಎದುರಿಗೆ ನಿಮ್ಮ ಪ್ರವರ್ಗದ ಹಿಂದಿನ ಕಟ್‌ಆಫ್, ಅಂದರೆ ಆಯ್ಕೆಯಾದ ಕೊನೆಯವರ ಅಂಕ, ಬರೆಯಿರಿ. ಉದಾಹರಣೆಗೆ ಕಟ್‌ಆಫ್ 128 ಎನ್ನಿ. ನಿಮ್ಮ ಐದು ಅಂಕ 112, 118, 121, 115, 119 ಆಗಿದ್ದರೆ ನಿಮ್ಮ ಅತಿ ಒಳ್ಳೆಯ ದಿನವೂ ಗೆರೆ ಮುಟ್ಟಿಲ್ಲ ಎಂದರ್ಥ. ಇಲ್ಲಿ ನಸೀಬವನ್ನು ಬೈಯುವುದು ನ್ಯಾಯವಲ್ಲ, ಓದು ಸಾಲದು ಅಷ್ಟೇ. ಐದು ಅಂಕ 120ರಿಂದ 135ರ ನಡುವೆ ಆಡುತ್ತಿದ್ದರೆ ಮಾತ್ರ ನೀವು ನಿಜವಾದ ನಸೀಬದ ಪಟ್ಟಿಯೊಳಗೆ ಇದ್ದೀರಿ. ಅತಿ ಕಡಿಮೆ ಅಂಕವೇ 130 ದಾಟಿದ್ದರೆ ಹೊಸ ಪುಸ್ತಕ ಕೊಳ್ಳುವುದು ನಿಲ್ಲಿಸಿ, ನಿದ್ದೆ ಸರಿಮಾಡಿಕೊಳ್ಳಿ.

ಈ ಅಳತೆ ಕೆಡುವುದು ಮೂರು ಕಡೆ. ತರಬೇತಿಯಲ್ಲಿ ಆಗಲೇ ಬಿಡಿಸಿದ ಪತ್ರಿಕೆಯನ್ನೇ ಮತ್ತೆ ಬರೆದರೆ ಅಂಕ ಉಬ್ಬುತ್ತದೆ. ಗೆಳೆಯನ ಪ್ರವರ್ಗದ ಕಟ್‌ಆಫ್ ನೋಡಿ ಸಮಾಧಾನ ಮಾಡಿಕೊಳ್ಳುವುದು ಎರಡನೆಯದು. ಮೂರನೆಯದು, ಹುದ್ದೆಗಳ ಸಂಖ್ಯೆ ನೋಡದಿರುವುದು: ಕಳೆದ ಸಲಕ್ಕಿಂತ ಹುದ್ದೆ ಅರ್ಧವಾಗಿದ್ದರೆ ಹಳೆಯ ಗೆರೆ ಹಳೆಯದಷ್ಟೇ.

ಇನ್ನು ‘ಇನ್ನೊಂದು ಸಲ’ದ ಲೆಕ್ಕ. ನಸೀಬದ ಪಟ್ಟಿಯೊಳಗೆ ಇರುವವರಿಗೆ ಒಂದು ಸಲಕ್ಕೆ ಅರ್ಧ ಸಾಧ್ಯತೆ ಇದೆ ಎಂದು ಹಿಡಿದರೆ, ಎರಡು ಸಲ ಬರೆದರೆ ಮುಕ್ಕಾಲು, ಮೂರು ಸಲಕ್ಕೆ ಎಂಟರಲ್ಲಿ ಏಳು. ಅಂಥವರು ಮತ್ತೆ ಬರೆಯುವುದು ಜಾಣತನ. ಸಾಧ್ಯತೆ 20ರಲ್ಲಿ 1 ಇರುವವರು ಅದೇ ತಯಾರಿಯಲ್ಲಿ ಐದು ಸಲ ಬರೆದರೂ ಒಟ್ಟು ಸಾಧ್ಯತೆ ಕಾಲುಭಾಗ ಮುಟ್ಟುವುದಿಲ್ಲ. ಹಟ ಇಬ್ಬರದೂ ಅಷ್ಟೇ ಇರುತ್ತದೆ. ಫಲ ಮಾತ್ರ ಬೇರೆ.

ಗುಂಡು ಹೊಡೆಯುವುದನ್ನೂ, ಅಂದರೆ ಗೊತ್ತಿಲ್ಲದ ಪ್ರಶ್ನೆಗೆ ಅಂದಾಜಿನ ಮೇಲೆ ಗುರುತು ಹಾಕುವುದನ್ನೂ, ನಸೀಬಕ್ಕೆ ಬಿಡಬೇಕಿಲ್ಲ. ನಾಲ್ಕು ಆಯ್ಕೆ, ತಪ್ಪಿಗೆ ಕಾಲಂಕ ಕಡಿತ ಇರುವಲ್ಲಿ 20 ಪ್ರಶ್ನೆ ಕಣ್ಣುಮುಚ್ಚಿ ತುಂಬಿದರೆ ಸರಾಸರಿ 5 ಸರಿ, 15 ತಪ್ಪು: 5ರಲ್ಲಿ 3.75 ಹೋಗಿ 1.25 ಉಳಿಯುತ್ತದೆ. ಆದರೆ ದಿನ ಕೆಟ್ಟು 2 ಮಾತ್ರ ಸರಿಯಾದರೆ 2.5 ಅಂಕ ನಷ್ಟ, ದಿನ ಚೆನ್ನಾಗಿದ್ದು 8 ಸರಿಯಾದರೆ 5 ಅಂಕ ಲಾಭ. ನಡುವಿನ ಅಂತರ ಏಳೂವರೆ ಅಂಕ. ಗೆರೆಯ ಮೇಲಿರುವವರು ಈ ಜೂಜು ಆಡಬಾರದು. ಗೆರೆಗಿಂತ ನಾಲ್ಕಂಕ ಕೆಳಗಿರುವವರಿಗೆ ಇದೊಂದೇ ದಾರಿ. ಎರಡು ಆಯ್ಕೆ ತಪ್ಪೆಂದು ಖಾತ್ರಿಯಾದರೆ ಮಾತ್ರ ಯಾರಾದರೂ ಗುರುತು ಹಾಕಬಹುದು, ಅಲ್ಲಿ ಪ್ರತಿ ಪ್ರಶ್ನೆಗೆ ಸರಾಸರಿ 0.375 ಅಂಕ ಸಿಗುತ್ತದೆ. ಯುಪಿಎಸ್‌ಸಿಯ ಮೊದಲ ಹಂತದ ಪರೀಕ್ಷೆ ಪ್ರಿಲಿಮ್ಸ್‌ನಲ್ಲಿ ಕಡಿತ ಮೂರನೇ ಒಂದು ಭಾಗ. ಕುರುಡು ಗುಂಡಿನ ಸರಾಸರಿ ಲಾಭ ಅಲ್ಲಿ ಸೊನ್ನೆ.

ನಸೀಬದ ಇನ್ನೊಂದು ಮುಖ ಕ್ಯಾಲೆಂಡರಿನಲ್ಲಿದೆ, ಅದು ಯಾರ ಓದಿಗೂ ಬಗ್ಗುವುದಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿ 23ಕ್ಕೆ. ನೆಟ್ಟಗೆ ಓದಿ ಬರೆದವರೂ 27 ತಿಂಗಳು ಕಾದರು. 384 ಹುದ್ದೆಗಳ ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್ 27ಕ್ಕೆ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು. ಇದರಿಂದ ಕಲಿಯಬೇಕಾದ್ದು ಎರಡು. ಕನ್ನಡ ಮಾಧ್ಯಮದವರು ಪ್ರಶ್ನೆ ವಿಚಿತ್ರ ಅನ್ನಿಸಿದಾಗ ಪ್ರಶ್ನೆಯ ಇಂಗ್ಲಿಷ್ ರೂಪದ ಮೇಲೂ ಕಣ್ಣಾಡಿಸುವ ರೂಢಿಯನ್ನು ಅಭ್ಯಾಸದ ಹೊತ್ತಿಗೇ ಮಾಡಿಕೊಳ್ಳಬೇಕು. ಎರಡನೆಯದು, ‘ಒಂದು ವರ್ಷ ಕೊಡ್ತೀನಿ’ ಎಂದು ಮನೆಯಲ್ಲಿ ಹೇಳುವ ಮೊದಲು ಒಂದು ಪರೀಕ್ಷೆ ಒಂದು ವರ್ಷದಲ್ಲಿ ಮುಗಿಯುತ್ತದೆಂಬ ಖಾತ್ರಿ ಇಲ್ಲ ಎಂದು ತಿಳಿದಿರಬೇಕು. ವರ್ಷಕ್ಕೆ ಬದಲು ಪರೀಕ್ಷೆಯ ಸಂಖ್ಯೆಯಲ್ಲಿ ಗಡುವು ಹಾಕುವುದು ಒಳ್ಳೆಯದು, ಜತೆಗೆ ವಯಸ್ಸಿನ ಒಂದು ಗೆರೆ: ‘ಮೂರು ಪರೀಕ್ಷೆ, ಇಲ್ಲವೇ 26 ವರ್ಷ, ಯಾವುದು ಮೊದಲೋ ಅದು.’

ಖರ್ಚನ್ನೂ ಕಾಗದದ ಮೇಲೆ ಬರೆಯಿರಿ. ಖೋಲಿ ಬಾಡಿಗೆ, ಖಾನಾವಳಿ, ಲೈಬ್ರರಿ ಕುರ್ಚಿ, ಅರ್ಜಿ ಶುಲ್ಕ, ಪರೀಕ್ಷೆಗೆ ಹೋಗುವ ಬಸ್ಸು ಎಲ್ಲ ಸೇರಿ ತಿಂಗಳಿಗೆ 8,000 ಎಂದು ಹಿಡಿದರೂ ಮೂರು ವರ್ಷಕ್ಕೆ 2,88,000 ರೂಪಾಯಿ. ಅಷ್ಟರಲ್ಲಿ ದುಡಿದಿದ್ದರೆ ಬರುತ್ತಿದ್ದುದು ಇದರ ಮೇಲೆ. ಹಣದ ಲೆಕ್ಕ ಹೇಳಿದ ತಕ್ಷಣ ಮಕ್ಕಳ ಹುರುಪು ಇಳಿಯುತ್ತದೆಂದು ಕೆಲವು ಪಾಲಕರು ಹೆದರುತ್ತಾರೆ. ಹಾಗಾಗುವುದಿಲ್ಲ, ದಿನಕ್ಕೆ ಎರಡು ತಾಸು ಚಹಾದಂಗಡಿಯಲ್ಲಿ ಕಳೆಯುವುದು ಮಾತ್ರ ಇಳಿಯುತ್ತದೆ.

ಕೈಯಲ್ಲಿ ಉಳಿಯುವುದೇನು? ಸಾಮಾನ್ಯ ಜ್ಞಾನ, ವ್ಯಾಕರಣ, ಒಂದಿಷ್ಟು ಸಂವಿಧಾನ. ಹೊರಗೆ ಇದಕ್ಕೆ ಪ್ರಮಾಣಪತ್ರವಿಲ್ಲ. ಈ ದಾರಿಯ ದೊಡ್ಡ ಕೊರತೆ ಇದೇ.

ಸಿಇಟಿ ಮತ್ತು ನೀಟ್

ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳುವುದು ತಪ್ಪು. ವೈದ್ಯಕೀಯ ಸೀಟಿನ ನೀಟ್ 180 ಪ್ರಶ್ನೆ, 720 ಅಂಕ, ತಪ್ಪಿಗೆ 1 ಕಡಿತ, ಮತ್ತು ಪಿಯುಸಿ ಅಂಕಕ್ಕೆ ರ‍್ಯಾಂಕ್‌ನಲ್ಲಿ ತೂಕವಿಲ್ಲ. ಅಂದರೆ ಪೂರಾ ಒಂದು ಮಧ್ಯಾಹ್ನದ ಮೇಲೆ ನಿಂತದ್ದು. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸರಕಾರಿ ಮೆಡಿಕಲ್ ಕಾಲೇಜು ಇದ್ದರೂ ಆ ಮಧ್ಯಾಹ್ನ ಸುಲಭವಾಗುವುದಿಲ್ಲ. ಎಂಜಿನಿಯರಿಂಗ್ ಸಿಇಟಿಯಲ್ಲಿ ಅರ್ಧ ತೂಕ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕಕ್ಕೆ, ಅರ್ಧ ಸಿಇಟಿಗೆ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಕಡಿತವಿಲ್ಲ. ನಸೀಬದ ಪಾಲು ಇಲ್ಲಿ ಅರ್ಧಕ್ಕೆ ಇಳಿಯಿತು. ಹೀಗಿದ್ದೂ ಪ್ರತಿವರ್ಷ ಗುರುತು ಹಾಕದೆ ಪ್ರಶ್ನೆ ಬಿಟ್ಟು ಬರುವವರಿದ್ದಾರೆ. ಕೊನೆಯ 2 ನಿಮಿಷ ಖಾಲಿ ಗುಂಡಿಗಳನ್ನು ತುಂಬಲಿಕ್ಕೇ ಮೀಸಲಿಡಿ.

ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬುವಾಗ, ಆಗುವ ತಪ್ಪಿಗೂ ಜನ ನಸೀಬ ಎಂದೇ ಹೆಸರಿಡುತ್ತಾರೆ. ‘ಬಿವಿಬಿಯ ಕಂಪ್ಯೂಟರ್ ಸಿಗಲಿಕ್ಕಿಲ್ಲ’ ಎಂದು ಹೆದರಿ ಹುಬ್ಬಳ್ಳಿಯ ಆ ಎಂಜಿನಿಯರಿಂಗ್ ಕಾಲೇಜನ್ನು ಹತ್ತನೆಯ ಸಾಲಿಗೆ ಇಳಿಸುತ್ತಾರೆ. ಯಂತ್ರ ಮೇಲಿನಿಂದ ಕೆಳಗೆ ನೋಡುತ್ತ ಬರುತ್ತದೆ. ಸಿಗದ ಆಯ್ಕೆಯನ್ನು ಮೇಲೆ ಬರೆದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಆದರೆ ಸಿಗುವ ಆಯ್ಕೆಯನ್ನು ಮೇಲೆ ಬರೆದಿದ್ದರೆ ಅದರ ಕೆಳಗಿನ ಒಳ್ಳೆಯದನ್ನು ಯಂತ್ರ ನೋಡುವುದೇ ಇಲ್ಲ. ಆದ್ದರಿಂದ ಆಸೆಯ ಕ್ರಮದಲ್ಲೇ ಬರೆಯಿರಿ, ಖಂಡಿತ ಸೇರಲಾರೆ ಎನ್ನುವುದನ್ನು ಬರೆಯಲೇ ಬೇಡಿ. ಸೀಟು ಬಂದ ಮೇಲೆ ಚಾಯ್ಸ್ 2 ಒತ್ತಿದರೆ ಸಿಕ್ಕ ಸೀಟು ಕೈಯಲ್ಲೇ ಇದ್ದು ಮುಂದಿನ ಸುತ್ತಿಗೆ ಹೋಗಬಹುದು. ಅಲ್ಲಿ ಮೇಲಿನ ಆಯ್ಕೆ ಸಿಕ್ಕಿತೋ, ಹಳೆಯದು ತಾನಾಗಿ ರದ್ದು. ಚಾಯ್ಸ್ 3 ಎಂದರೆ ಕೈಯಲ್ಲಿದ್ದುದನ್ನು ಚೆಲ್ಲಿ ಮುಂದೆ ಹೋಗುವುದು. ಈ ಎರಡರ ವ್ಯತ್ಯಾಸ ತಿಳಿಯದೆ ಸೀಟು ಕಳಕೊಂಡವರು ಇದ್ದಾರೆ.

ಹೊಲ ಇರುವ ಮನೆಯವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೃಷಿಯನ್ನು ಮರೆಯಬೇಡಿ. 4 ವರ್ಷದ ಕೋರ್ಸು, ರೈತರ ಮಕ್ಕಳಿಗೆ ಮೀಸಲು ಸೀಟುಗಳಿವೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಕಳೆ, ಗೊಬ್ಬರ, ಸಲಕರಣೆ ಗುರುತಿಸಲು ಬರಬೇಕು. ಬಾಲ್ಯವಿಡೀ ಹೊಲದಲ್ಲಿ ಆಡಿದವರಿಗೂ ಕಳೆಗಳ ಹೆಸರು ಕೇಳಿದರೆ ಬಾಯಿ ಕಟ್ಟುತ್ತದೆ, ಏಕೆಂದರೆ ಮನೆಯಲ್ಲಿ ಅವಕ್ಕೆಲ್ಲ ‘ಕಸ’ ಎಂಬ ಒಂದೇ ಹೆಸರು.

ಐಟಿಐಯಿಂದ ಹತ್ತುವ ಏಣಿ

ಈ ದಾರಿಗೆ ಮರ್ಯಾದೆ ಕಡಿಮೆ, ನಸೀಬದ ಪಾಲೂ ಕಡಿಮೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ 2 ವರ್ಷ. ಅಲ್ಲಿಂದ ಲ್ಯಾಟರಲ್ ಪ್ರವೇಶದಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ, 2 ವರ್ಷ. ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ, 3 ವರ್ಷ. ಒಟ್ಟು 7. ಪಿಯುಸಿ ಹಿಡಿದು ಬಿಇ ಮಾಡಿದರೆ 6. ಒಂದು ವರ್ಷ ಹೆಚ್ಚು ಹೋಯಿತು, ಆದರೆ ಪ್ರತಿ ಮೆಟ್ಟಿಲಿನಲ್ಲೂ ಕೆಲಸ ಕೊಡುವ ಒಂದು ಕಾಗದ ಕೈಯಲ್ಲಿದೆ. ಮನೆಯಲ್ಲಿ ತೊಂದರೆ ಬಂದರೆ ನಡುವೆ ಇಳಿದು ಗೋಕುಲ ರಸ್ತೆ, ತಾರಿಹಾಳ ಅಥವಾ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದುಡಿದು ಮತ್ತೆ ಹತ್ತಬಹುದು. ಪಿಯುಸಿ ಬಿಇ ದಾರಿಯಲ್ಲಿ ಬಿಇಯ ನಾಲ್ಕನೇ ವರ್ಷದ ಕೊನೆಯವರೆಗೂ ಇಳಿಯಲು ಮೆಟ್ಟಿಲಿಲ್ಲ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನ ಅಪ್ರೆಂಟಿಸ್ ಆಯ್ಕೆ ಇನ್ನೂ ಸ್ವಾರಸ್ಯದ್ದು. ಲಿಖಿತ ಪರೀಕ್ಷೆ ಇಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ತೆಗೆದು ಪಟ್ಟಿ ಮಾಡುತ್ತಾರೆ. ಆ ದಿನ ಜ್ವರ ಬಂದರೂ ಏನೂ ಕೆಡುವುದಿಲ್ಲ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ‘ಪಾಸಾದರೆ ಸಾಕು’ ಎಂದು ಕೂತವರಿಗೆ ಆ ಅಂಕ ಮೂರು ವರ್ಷದ ಮೇಲೆ ಎದುರಿಗೆ ಬಂದು ನಿಲ್ಲುತ್ತದೆ. ಅಪ್ರೆಂಟಿಸ್ ಮುಗಿಸಿದರೆ ನೌಕರಿ ಖಾತ್ರಿ ಎಂಬ ತಪ್ಪು ಕಲ್ಪನೆ ಬೇಡ. ರೈಲ್ವೆಯ ಲೆವೆಲ್ 1 (ಎಲ್ಲಕ್ಕಿಂತ ಕೆಳಗಿನ ದರ್ಜೆ) ನೇಮಕದಲ್ಲಿ ಇಂಥವರಿಗೆ ನೂರಕ್ಕೆ 20 ಹುದ್ದೆ ಮೀಸಲು, ಅಷ್ಟೇ. ಹುಬ್ಬಳ್ಳಿಯ ಜಿಟಿಟಿಸಿಯ (ಸರಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾವನ್ನೂ ಇದರ ಪಕ್ಕ ಇಟ್ಟು ನೋಡಿ. 4 ವರ್ಷದಲ್ಲಿ ಕೊನೆಯ ವರ್ಷ ಕಾರ್ಖಾನೆಯೊಳಗೇ ತರಬೇತಿ.

ಬಿ.ಎಡ್.

ಎರಡು ವರ್ಷದ ಕೋರ್ಸು. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ 150 ಅಂಕ, ಕಡಿತವಿಲ್ಲ, ಸಾಮಾನ್ಯ ವರ್ಗಕ್ಕೆ 90 ಬಂದರೆ ಅರ್ಹತೆ, ಅದು ಈಗ ಜೀವಮಾನಪೂರ್ತಿ ನಡೆಯುತ್ತದೆ. ಒಮ್ಮೆ ದಾಟಿದ ಗೆರೆ ಮತ್ತೆ ದಾಟಬೇಕಿಲ್ಲ. ನೇಮಕಾತಿಯ ಅಧಿಸೂಚನೆ ಯಾವಾಗ ಎನ್ನುವುದು ಮಾತ್ರ ಮಳೆಯ ಹಾಗೆ. ಕಾಯುವ ಹೊತ್ತಿನಲ್ಲಿ ಖಾಸಗಿ ಶಾಲೆಯಲ್ಲಿ ಕಲಿಸಿದರೆ ತಯಾರಿ ಕೆಡುವುದಿಲ್ಲ, ಅದೇ ಪಠ್ಯ.

ಹೊಲ, ಧಂದೆ, ಹಾಡು

ಊರಿಗೆ ಹಿಂತಿರುಗುವುದನ್ನು ಸೋಲಿನ ಪಟ್ಟಿಗೆ ಬರೆಯುವವರು ರಾಣೇಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಪ್ಲಾಟುಗಳನ್ನು ಒಮ್ಮೆ ನೋಡಬೇಕು. ಹತ್ತಿ, ಟೊಮ್ಯಾಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜಕ್ಕೆ ಹೂವಿನ ಗಂಡುಭಾಗ ಬಿಡಿಸಿ ಕೈಯಿಂದ ಪರಾಗ ಸೋಕಿಸಬೇಕು. ಚೂರು ಜಮೀನಿನಲ್ಲೂ ನಡೆಯುವ ಕೆಲಸ, ಆದರೆ ಕೂಲಿಕೈ ಬಹಳ ಬೇಡುತ್ತದೆ. ಪೆಟ್ಟು ಬೀಳುವುದು ಎರಡು ಕಡೆ: ಮೊಳಕೆ ಪ್ರಮಾಣ ಮತ್ತು ತಳಿಶುದ್ಧತೆ. ಬೆರಕೆ ಗಿಡ ಹೂ ಬಿಡುವ ಮೊದಲೇ ಕಿತ್ತು ಹಾಕದಿದ್ದರೆ ಇಡೀ ಲಾಟು ತಿರಸ್ಕಾರ. ಪೂರ್ತಿ ಹಣ ಬರುವುದು ಆ ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ಅಲ್ಲಿಯವರೆಗೆ ಕೂಲಿ ಕೊಡಲು ಕೈಯಲ್ಲಿ ಹಣವಿಲ್ಲದವರು ಮೊದಲ ಹಂಗಾಮಿಗೇ ಇಳಿಯಬಾರದು. ಒಪ್ಪಂದದ ಕಾಗದದಲ್ಲಿ ತಿರಸ್ಕೃತ ಬೀಜ ಯಾರ ಪಾಲು ಎಂಬ ಸಾಲನ್ನು ಹುಡುಕಿ ಓದಿ.

ಇಲ್ಲಿ ನಸೀಬ ಎಂದರೆ ಮಳೆ ಮತ್ತು ದರ, ಎರಡೂ ದೊಡ್ಡವು. ಒಣಮೆಣಸಿನಕಾಯಿಯ ದರ ಬ್ಯಾಡಗಿ ಪೇಟೆಯಲ್ಲಿ ಹೇಗೆ ಏರಿಳಿಯುತ್ತದೆಂದು ಹಾವೇರಿ ಕಡೆಯ ಮಕ್ಕಳಿಗೆ ಹೇಳಬೇಕಿಲ್ಲ. ಆದರೆ ಪ್ರಯತ್ನದ ಸಂಖ್ಯೆಗೆ ಮಿತಿಯಿಲ್ಲ, ವರ್ಷಕ್ಕೆ ಮುಂಗಾರಿ ಹಿಂಗಾರಿ ಎರಡು ಸಲ, ಮತ್ತು ಕೈಯಲ್ಲಿ ಹೊಲವಂತೂ ಉಳಿಯುತ್ತದೆ, ಸಾಲಕ್ಕೆ ಒತ್ತೆ ಇಡದಿದ್ದರೆ.

ಹಾಡು, ನಾಟಕ, ಆಟ ಇವುಗಳಿಗೆ ಲೆಕ್ಕವೇ ಬೇರೆ. ಭೀಮಸೇನ ಜೋಶಿ ಹುಡುಗನಾಗಿದ್ದಾಗ ಗದಗಿನ ಮನೆ ಬಿಟ್ಟು ಓಡಿ ಗ್ವಾಲಿಯರ್, ಜಲಂಧರದವರೆಗೆ ಗುರುವನ್ನು ಹುಡುಕಿದರು. ಗುರು ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳದಲ್ಲಿ. ಈ ಕಥೆಯನ್ನು ಮನೆ ಬಿಟ್ಟು ಓಡಲಿಕ್ಕೆ ಪರವಾನಗಿ ಎಂದು ಹೇಳುವವರುಂಟು. ಓಡಿಹೋಗಿ ಹೆಸರಿಲ್ಲದೆ ಹೋದವರ ಕಥೆ ಯಾರೂ ಬರೆದಿಡುವುದಿಲ್ಲ, ಆದ್ದರಿಂದ ಈ ದಾರಿಯ ಸಾಧ್ಯತೆಯನ್ನು ಗೆದ್ದವರಿಂದ ಅಳೆಯಬೇಡಿ. ಮೊದಲು 50 ಕಿಲೋಮೀಟರ್ ಒಳಗೆ ಯಾರು ಕಲಿಸುತ್ತಾರೆ ನೋಡಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಜಾಗ ನಮ್ಮಲ್ಲೇ ಇದೆ.

ಎರಡರ ನಡುವೆ ತೂಗುತ್ತಿದ್ದರೆ

ನವಲಗುಂದ, ರೋಣದ ಎರಿ ಹೊಲದವರಿಗೆ ಅಕ್ಕಡಿ ಸಾಲು ಗೊತ್ತು. ಮುಖ್ಯ ಬೆಳೆಯ ನಡುವೆ ಕೆಲವು ಸಾಲು ಬೇರೆ ಬೆಳೆ. ಒಂದು ಕೈ ಕೊಟ್ಟರೆ ಇನ್ನೊಂದು ಮೇವಿಗಾದರೂ ಆದೀತು. ದಾರಿಗೂ ಹಾಗೇ ಅಕ್ಕಡಿ ಬೇಕು, ಆದರೆ ಯಾವುದರ ಜತೆ ಯಾವುದು ಎನ್ನುವುದು ಮುಖ್ಯ. ಎಫ್‌ಡಿಎ ಜತೆ ಪಿಡಿಒ ಓದುವುದು ಅಕ್ಕಡಿಯಲ್ಲ, ಎರಡೂ ಒಂದೇ ಮಳೆಗೆ ಕಾಯುವ ಬೆಳೆ. ಅಧಿಸೂಚನೆ ನಿಂತರೆ ಎರಡೂ ಒಣಗುತ್ತವೆ. ಎಫ್‌ಡಿಎ ಜತೆ ಬಿ.ಎಡ್., ಅಥವಾ ಪಿಎಸ್‌ಐ ಜತೆ ಸಂಜೆ ಅಕೌಂಟ್ಸ್ ಕೆಲಸ ಇದ್ದರೆ ಅದು ಅಕ್ಕಡಿ. ನೀಟ್ ಬರೆಯುವವರು ಗಣಿತ ಬಿಡದೆ ಪಿಸಿಎಂಬಿ (ಪಿಸಿಎಂ ಜತೆ ಜೀವಶಾಸ್ತ್ರ) ಹಿಡಿದು ಸಿಇಟಿಯನ್ನೂ ಬರೆದರೆ ಕೃಷಿ, ಎಂಜಿನಿಯರಿಂಗ್ ಎರಡೂ ಬಾಗಿಲು ತೆರೆದಿರುತ್ತವೆ. ಯುಪಿಎಸ್‌ಸಿಯವರಿಗೆ ಇನ್ನೊಂದು ಮಾತು: ಸಾಮಾನ್ಯ ವರ್ಗಕ್ಕೆ 6, ಒಬಿಸಿಗೆ 9 ಪ್ರಯತ್ನ. ಅರ್ಜಿ ಹಾಕಿ ಪ್ರಿಲಿಮ್ಸ್‌ಗೆ ಕೂರದಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ತಯಾರಿ ಇಲ್ಲದೆ ‘ಅನುಭವಕ್ಕೆ’ ಕೂತು ಒಂದು ಸಲ ಸುಡುವುದಕ್ಕಿಂತ ಅದೇ ಪತ್ರಿಕೆಯನ್ನು ಖೋಲಿಯಲ್ಲಿ ಕೂತು ಬರೆಯಿರಿ.

ನಸೀಬ ಎನ್ನಿಸಿಕೊಳ್ಳುವ ಕಾಗದಗಳು

ಹುಟ್ಟಿನ ನಸೀಬ ಒಂದಿದೆ, ಅದನ್ನು ಒಪ್ಪಲೇಬೇಕು. ಗದಗ ಜಿಲ್ಲೆಯ ಮುಂಡರಗಿಯವರಿಗೆ ಕಲ್ಯಾಣ ಕರ್ನಾಟಕದವರಿಗೆಂದು ಇರುವ 371(ಜೆ) ಮೀಸಲಾತಿ ಇಲ್ಲ, ಪಕ್ಕದ ಕೊಪ್ಪಳ ಜಿಲ್ಲೆಯವರಿಗೆ ಇದೆ. ಧಾರವಾಡ, ಗದಗ, ಹಾವೇರಿ ಮೂರೂ ಕಲ್ಯಾಣ ಕರ್ನಾಟಕದ ಹೊರಗೆ. ಆದರೆ ಇಲ್ಲಿನವರಿಗೆ ಸಿಗುವ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯನ್ನು ಕಾಗದದ ತಪ್ಪಿನಿಂದ ಕಳೆದುಕೊಳ್ಳುವವರೇ ಹೆಚ್ಚು. ಎರಡಕ್ಕೂ 1ರಿಂದ 10ನೇ ತರಗತಿಯ ದಾಖಲೆ ಬೇಕು. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದ ಬೇರೆ ಬೇರೆ ಪ್ರಮಾಣಪತ್ರ, ಅದರ ಮೇಲೆ ಮುಖ್ಯಾಧ್ಯಾಪಕರ ಸಹಿ, ಗ್ರಾಮೀಣದ್ದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ. ನಡುವೆ ಒಂದೇ ವರ್ಷ ಹುಬ್ಬಳ್ಳಿಯಲ್ಲಿ ಅತ್ತೆಯ ಮನೆಯಲ್ಲಿದ್ದು ಓದಿದ್ದರೂ ಗ್ರಾಮೀಣ ಹೋಯಿತು. ಅದನ್ನು ಅರ್ಜಿಯಲ್ಲಿ ಕೇಳಿ ಪರಿಶೀಲನೆಯ ದಿನ ಸಿಕ್ಕಿಬೀಳುವುದಕ್ಕಿಂತ ಮೊದಲೇ ಬಿಡುವುದು ಲೇಸು.

ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ 2ಎಯಿಂದ 3ಬಿವರೆಗಿನವರಿಗೆ 5 ವರ್ಷ ನಡೆಯುತ್ತದೆ. ಅರ್ಜಿಯ ಕೊನೆಯ ದಿನ ಅದು ಚಾಲ್ತಿಯಲ್ಲಿರಬೇಕು. ಆಮೇಲೆ ತಂದುಕೊಟ್ಟರೆ ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಆಧಾರ್ ಹೆಸರು, ತಂದೆಯ ಹೆಸರಿನ ಮುಂದಿನ ಅಡ್ಡಹೆಸರು ಈ ಮೂರನ್ನೂ ಒಂದು ಹಾಳೆಯ ಮೇಲೆ ಅಕ್ಷರ ಅಕ್ಷರ ಬರೆದು ಹೋಲಿಸಿ. ಬೇರೆಯಾಗಿದ್ದರೆ ಆಧಾರ್ ತಿದ್ದಿಸುವುದು ಸುಲಭ, ಅಂಕಪಟ್ಟಿ ತಿದ್ದಿಸಲು ಶಾಲೆಯಿಂದ ಮಂಡಳಿವರೆಗೆ ಓಡಾಟ. ಸೋಮವಾರ ನಾಡಕಚೇರಿಯಲ್ಲಿ ಸಾಲು ಉದ್ದ ಇರುತ್ತದೆ, ಮಧ್ಯವಾರದಲ್ಲಿ ಹೋಗಿ.